ಅಮರ ಚಿತ್ರಕಥೆಯ ಕಾರ್ಕಳದ ಅನಂತ ಪೈ

ಬೀದರ್: ಬೀರಬಲ್ಲನ ಜಾಣತನ, ತೆನಾಲಿ ರಾಮನ ತುಂಟಾಟಗಳನ್ನು ಬಣ್ಣದ ಚಿತ್ರಗಳಲ್ಲಿ ಮಕ್ಕಳ ಕೈಗಿತ್ತ ಅನಂತ ಪೈ ಅವರು 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆ ತಾಯಿಯನ್ನು ಕಳೆದುಕೊಂಡ ಅವರು ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿ ಸೇರಿದರು. ಓದಿದ್ದು ರಸಾಯನ ತಂತ್ರಜ್ಞಾನ, ಒಲಿದದ್ದು ಮಕ್ಕಳ ಪುಸ್ತಕ. 1954ರಲ್ಲಿ ಹೊರತಂದ 'ಮಾನವ' ಎಂಬ ಮಕ್ಕಳ ಪತ್ರಿಕೆ ಕೈಕಚ್ಚಿತು. ಬಳಿಕ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಗೆ ಸೇರಿ, 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ದುಡಿದರು.

1967ರಲ್ಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವತೆಗಳ ಬಗ್ಗೆ ಉತ್ತರಿಸಿದ ವಿದ್ಯಾರ್ಥಿಗಳಿಗೆ ಶ್ರೀರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಅಮರ ಚಿತ್ರಕಥೆ ಹುಟ್ಟಿದ್ದು ಅಲ್ಲಿಂದ ಎಂಬುದು ಪ್ರಚಲಿತ ಕಥೆ. ಆದರೆ ಕನ್ನಡಿಗರು ಮರೆಯಬಾರದ ಇನ್ನೊಂದು ಸಂಗತಿಯಿದೆ. ಅದಕ್ಕೂ ಮುನ್ನ, 1965ರಲ್ಲಿಯೇ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಇದೇ ಹೆಸರಿನ ಮಾಲೆ ಕನ್ನಡದಲ್ಲಿ ಆರಂಭವಾಗಿತ್ತು. ಮೊದಲ ಹತ್ತು ಸಂಚಿಕೆಗಳು ಸಿಂಡರೆಲ್ಲಾದಂತಹ ಪಾಶ್ಚಾತ್ಯ ಕಥೆಗಳ ಕನ್ನಡ ರೂಪ. ಇಂಗ್ಲಿಷಿನಲ್ಲಿ ಪೈ ಅವರ 'ಕೃಷ್ಣ' ಹನ್ನೊಂದನೆಯ ಸಂಖ್ಯೆ ಪಡೆದದ್ದು ಈ ಕಾರಣಕ್ಕೆ! ಮುಂಬಯಿಯ ಹೆಸರು ಮೆರೆಯಿತು, ಬೆಂಗಳೂರಿನ ಪಾಲು ಮಸುಕಾಯಿತು.

ಕಲ್ಯಾಣದ ಬಸವೇಶ್ವರರೂ ಮಾಲೆಯ ಒಂದು ಸಂಚಿಕೆಗೆ ವಸ್ತುವಾದರು. ಭಾಲ್ಕಿ, ಔರಾದ್ ಕಡೆ ಕನ್ನಡವೂ ಮರಾಠಿಯೂ ಮನೆಮಾತು. ಮಾಲೆ ಎರಡೂ ಭಾಷೆಗಳಲ್ಲಿ ಪ್ರಕಟವಾಯಿತು. ದೇವರಿಗೆ ತಿಳಿಬಣ್ಣ, ರಾಕ್ಷಸರಿಗೆ ಕಪ್ಪು ಬಣ್ಣ ಬಳಿದ ಬಗ್ಗೆ ಬಂದ ಟೀಕೆಯನ್ನು ತಳ್ಳಿಹಾಕಲಾಗದು.

1980ರಲ್ಲಿ ಪೈ 'ಟಿಂಕಲ್' ಆರಂಭಿಸಿದರು. ಮಹಾರಾಜ ಹೂಜಾನ ಗದ್ದುಗೆಗೆ ಸಂಚು ಹೂಡಿ ಪ್ರತಿ ಬಾರಿ ತಾನೇ ಪೇಚಿಗೆ ಸಿಲುಕುವ ಮಂತ್ರಿ ತಂತ್ರಿ, ಹೇಳಿದ್ದನ್ನು ಅಕ್ಷರಶಃ ಪಾಲಿಸಿ ಎಡವಟ್ಟು ಮಾಡುವ ಸುಪ್ಪಂಡಿ ಅದರಲ್ಲಿ ಮನೆಮಾತಾದರು. ಓದುಗ ಮಕ್ಕಳಿಗೆ ಪೈ 'ಅಂಕಲ್ ಪೈ' ಆದರು.

2011ರ ಫೆಬ್ರವರಿಯಲ್ಲಿ ದೆಹಲಿಯ ಮೊದಲ ಕಾಮಿಕ್ ಕಾನ್‌ನಲ್ಲಿ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಸಂದಿತು. ಕೆಲವೇ ದಿನಗಳಲ್ಲಿ, ಅದೇ ತಿಂಗಳ 24ರಂದು, ಮುಂಬಯಿಯಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 81 ವರ್ಷ.

ಫ್ರಾನ್ಸಿನಲ್ಲಿ 'ಆಸ್ಟರಿಕ್ಸ್' ಬರೆಯುತ್ತಿದ್ದ ರೆನೆ ಗೊಸಿನಿ 1977ರಲ್ಲಿ ತೀರಿಕೊಂಡಾಗ ಚಿತ್ರಕಾರ ಆಲ್ಬರ್ಟ್ ಉಡೆರ್ಜೊ ಕಥೆಯ ಭಾರವನ್ನೂ ಒಬ್ಬರೇ ಹೊರಬೇಕಾಯಿತು. ಹಾಸ್ಯ ಮೊದಲಿನಂತಿಲ್ಲ ಎಂದು ಓದುಗರು ಗೊಣಗಿದರು. ಪೈ ಅವರದು ಬೇರೆಯದೇ ಹಾದಿ. ಲೇಖಕರು, ಚಿತ್ರಕಾರರ ಬಳಗವನ್ನು ಅವರು ಬದುಕಿದ್ದಾಗಲೇ ಕಟ್ಟಿ ಬೆಳೆಸಿದ್ದರು. ಹೀಗಾಗಿ ಅವರ ನಂತರವೂ ಟಿಂಕಲ್ ನಿಲ್ಲಲಿಲ್ಲ. ಸುಪ್ಪಂಡಿಗೆ ರೂಪ ಕೊಟ್ಟ ರಾಮ್ ವಾಯೀರ್ಕರ್ 2003ರಲ್ಲಿ ಅಗಲಿದ ಬಳಿಕ ಅವರ ಮಗಳು ಅರ್ಚನಾ ಅಂಬೇರ್ಕರ್ ಆ ಕುಂಚವನ್ನು ಕೈಗೆತ್ತಿಕೊಂಡರು.