ಸೇತುವೆಯ ಕಥೆ ಬರೆದ ಎಂಜಿನಿಯರ್

ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ನಾವು ಐದು ಜನ ಕೂತು ಹಳೇ ಡಿವಿಡಿ ಒಂದನ್ನ ಹಾಕಿದೆವು. 1957ರ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್'. ಜಪಾನೀಯರ ಸೆರೆಯಲ್ಲಿರೋ ಬ್ರಿಟಿಷ್ ಕರ್ನಲ್ ನಿಕೋಲ್ಸನ್, ಶತ್ರುವಿನ ರೈಲಿಗೇ ಹಠ ಹಿಡಿದು ಒಳ್ಳೇ ಸೇತುವೆ ಕಟ್ಟಿಸಿಕೊಡ್ತಾನೆ. ಎರಡೂವರೆ ಗಂಟೆಗೂ ಜಾಸ್ತಿ ಸಿನಿಮಾ, ಆದ್ರೂ ಒಬ್ಬರೂ ಮೊಬೈಲ್ ಮುಟ್ಟಲಿಲ್ಲ. ಮೂಲ ಕಾದಂಬರಿ ಯಾರದು ಅಂತ ಹುಡುಕಿದ್ರೆ, ನಮ್ಮವರೇ! ಎಂಜಿನಿಯರ್.

ಪಿಯೆರ್ ಬೂಲ್ ಹುಟ್ಟಿದ್ದು 1912ರಲ್ಲಿ, ಫ್ರಾನ್ಸಿನ ಅವಿನ್ಯೋನ್‌ನಲ್ಲಿ. ಓದಿದ್ದು ಎಲೆಕ್ಟ್ರಿಕಲ್, 1936ರಲ್ಲಿ ಕೆಲಸಕ್ಕೆ ಹೋಗಿದ್ದು ಮಲಯಾದ ರಬ್ಬರ್ ತೋಟಕ್ಕೆ. (ಕೋರ್ ಕಂಪನಿನೇ ಬೇಕು ಅನ್ನೋರು ಗಮನಿಸಿ.) 1940ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಾಗ, ಸೋಲೊಪ್ಪದ ಡಿ ಗಾಲ್ ಕಡೆ ಸೇರಿ ಗುಪ್ತಚರರಾದರು. ಪೀಟರ್ ಜಾನ್ ರೂಲ್ ಅನ್ನೋ ಸುಳ್ಳು ಹೆಸರಿಟ್ಟುಕೊಂಡು, ಬಿದಿರಿನ ತೆಪ್ಪದಲ್ಲಿ ತೇಲುತ್ತಾ ಇಂಡೋಚೀನಾದೊಳಕ್ಕೆ ಹೋದರು. ಅಲ್ಲಿ ಅವರನ್ನ ಹಿಡಿದು ಹಾಕಿದ್ದು ಜಪಾನೀಯರಲ್ಲ, ಜರ್ಮನಿ ಜೊತೆ ರಾಜಿಯಾಗಿದ್ದ ಸರ್ಕಾರಕ್ಕೆ ನಿಷ್ಠರಾಗಿದ್ದ ಫ್ರೆಂಚರೇ. ಜೀವಾವಧಿ ಕಠಿಣ ಶಿಕ್ಷೆ ಆಯ್ತು. 1944ರಲ್ಲಿ ತಪ್ಪಿಸಿಕೊಂಡರು. ಕರ್ತವ್ಯ ಮಾಡ್ತಿದ್ದೀನಿ ಅಂತ ನಂಬಿಕೊಂಡೇ ಶತ್ರುವಿಗೆ ನೆರವಾಗೋ ನಿಕೋಲ್ಸನ್ ಹುಟ್ಟಿದ್ದು ಅಂಥ ಅಧಿಕಾರಿಗಳ ನೆನಪಿನಿಂದ.

ಕಾದಂಬರಿ ಬಂದಿದ್ದು 1952ರಲ್ಲಿ. ಬೂಲ್ ಆ ಸೇತುವೆ ನೋಡಿರಲಿಲ್ಲ. ನಿಜಕ್ಕೂ ಅದಿದ್ದದ್ದು ಮೇ ಕ್ಲಾಂಗ್ ನದಿ ಮೇಲೆ. ಸಿನಿಮಾ ನೋಡಿ ಪ್ರವಾಸಿಗರು ಬರೋಕೆ ಶುರುವಾದ ಮೇಲೆ ಥಾಯ್ಲೆಂಡ್ ನದಿಯ ಆ ಭಾಗದ ಹೆಸರನ್ನೇ ಬದಲಾಯಿಸಿತು! ನಮ್ಮ ಲ್ಯಾಬ್ ರೆಕಾರ್ಡಿಗೆ ಯಾರೂ ಇಷ್ಟು ಉಪಕಾರ ಮಾಡಲ್ಲ. ಆದರೆ ಒಂದು ವಿಷಯ ನಮ್ಮನ್ನ ಚುಚ್ಚಿತು. ಬೂಲ್ ದುಡಿದಿದ್ದಂಥ ಮಲಯಾದ ತೋಟಗಳಿಂದಲೇ ಸಾವಿರಾರು ತಮಿಳು ಕೂಲಿಗಳನ್ನ ಆ ರೈಲುದಾರಿಗೆ ಎಳೆದೊಯ್ದಿದ್ದರು. ತುಂಬಾ ಜನ ಅಲ್ಲೇ ಸತ್ತರು. ಸಿನಿಮಾದಲ್ಲಿ ಅವರು ಕಾಣೋದೇ ಇಲ್ಲ.

1958ರಲ್ಲಿ ಚಿತ್ರಕಥೆಯ ಆಸ್ಕರ್ ಬೂಲ್‌ಗೆ ಬಂತು. ಅವರು ಅದನ್ನ ಬರೆದೇ ಇರಲಿಲ್ಲ! ಬರೆದವರು ಕಾರ್ಲ್ ಫೋರ್ಮನ್ ಮತ್ತು ಮೈಕಲ್ ವಿಲ್ಸನ್. ಕಮ್ಯುನಿಸ್ಟರು ಅನ್ನೋ ಆರೋಪದ ಮೇಲೆ ಹಾಲಿವುಡ್ ಅವರನ್ನ ಕಪ್ಪುಪಟ್ಟಿಗೆ ಹಾಕಿತ್ತು, ಹೆಸರು ಹಾಕೋ ಹಾಗಿರಲಿಲ್ಲ. ಬೂಲ್ ಆಮೇಲೆ 1963ರಲ್ಲಿ ಬರೆದ ಕಾದಂಬರಿ 'ಪ್ಲಾನೆಟ್ ಆಫ್ ದಿ ಏಪ್ಸ್' ಸಿನಿಮಾ ಆದಾಗ, ಚಿತ್ರಕಥೆಗೆ ಕೈಹಾಕಿದವರಲ್ಲಿ ಅದೇ ವಿಲ್ಸನ್ ಇದ್ದರು, ಈ ಸಲ ಹೆಸರಿನ ಸಮೇತ. ಕ್ವಾಯ್‌ನ ಆಸ್ಕರ್ ಆ ಇಬ್ಬರಿಗೆ ಸಿಕ್ಕಿದ್ದು 1984ರಲ್ಲಿ, ಅವರು ಸತ್ತ ಮೇಲೆ. ಬೂಲ್ ತೀರಿಕೊಂಡಿದ್ದು 1994ರಲ್ಲಿ, ಪ್ಯಾರಿಸ್‌ನಲ್ಲಿ.

ಇಷ್ಟು ಗೊತ್ತಾದ ಮೇಲೆ ಡಿವಿಡಿನ ಮತ್ತೆ ಮೊದಲಿನಿಂದ ಹಾಕಿ ಟೈಟಲ್ ಹತ್ರ ನಿಲ್ಲಿಸಿದೆವು. ಚಿತ್ರಕಥೆ ಅನ್ನೋ ಕಡೆ ಈಗ ಫೋರ್ಮನ್, ವಿಲ್ಸನ್ ಇಬ್ಬರ ಹೆಸರೂ ಇದೆ.