ಆಲ್ಬ್ರೆಕ್ಟ್ ಕೋಸೆಲ್

ಆಲ್ಬ್ರೆಕ್ಟ್ ಕೋಸೆಲ್ (16 ಸೆಪ್ಟೆಂಬರ್ 1853 – 5 ಜುಲೈ 1927) ಜರ್ಮನಿಯ ಪ್ರಸಿದ್ಧ ಜೀವರಸಾಯನ ವಿಜ್ಞಾನಿ. ಜೀವಕೋಶದ ಕೇಂದ್ರದಲ್ಲಿರುವ ಪ್ರೋಟೀನು ಮತ್ತು ನ್ಯೂಕ್ಲಿಯಿಕ್ ಆಮ್ಲಗಳ ರಾಸಾಯನಿಕ ಸ್ವರೂಪವನ್ನು ಇವರು ತಿಳಿಯಪಡಿಸಿದರು. ಅದಕ್ಕಾಗಿ 1910ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಪಡೆದರು.

ಜನನ ಮತ್ತು ವಿದ್ಯಾಭ್ಯಾಸ

ಕೋಸೆಲ್ ಅವರು ರಾಸ್ಟಾಕ್ ನಗರದಲ್ಲಿ ಜನಿಸಿದರು. ತಂದೆ ವ್ಯಾಪಾರಿ. ಬಾಲ್ಯದಲ್ಲಿ ಸಸ್ಯಶಾಸ್ತ್ರದತ್ತ ಒಲವಿದ್ದರೂ 1872ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ವೈದ್ಯಶಿಕ್ಷಣಕ್ಕಾಗಿ ಸೇರಿದರು. ಅಲ್ಲಿ ಜೀವರಸಾಯನ ವಿಜ್ಞಾನದ ಆದ್ಯರಲ್ಲೊಬ್ಬರಾದ ಹಾಪ್-ಸೈಲರ್ ಇವರಿಗೆ ಗುರುಗಳಾದರು. ಮುಂದೆ ಬರ್ಲಿನ್, ಮಾರ್ಬರ್ಗ್ ಮತ್ತು ಹೈಡೆಲ್‌ಬರ್ಗ್‌ಗಳಲ್ಲಿ ಸೇವೆ ಸಲ್ಲಿಸಿದರು.

ಸಂಶೋಧನೆ

ಕೋಶಕೇಂದ್ರದಿಂದ ಮೀಶರ್ ಎಂಬ ವಿಜ್ಞಾನಿ ಬೇರ್ಪಡಿಸಿದ್ದ ನ್ಯೂಕ್ಲೀನ್‌ನಲ್ಲಿ ಪ್ರೋಟೀನಿನೊಡನೆ ಪ್ರೋಟೀನಲ್ಲದ ಭಾಗವೂ ಇದೆಯೆಂದು ಕೋಸೆಲ್ ತೋರಿಸಿದರು. ಆ ಭಾಗವೇ ನ್ಯೂಕ್ಲಿಯಿಕ್ ಆಮ್ಲ. ಅದರಲ್ಲಿರುವ ಅಡೆನಿನ್, ಥೈಮಿನ್, ಸೈಟೋಸಿನ್ ಮುಂತಾದ ಘಟಕಗಳನ್ನು ಇವರೂ ಇವರ ಸಹೋದ್ಯೋಗಿಗಳೂ ಗುರುತಿಸಿದರು. 1884ರಲ್ಲಿ ಪಕ್ಷಿಗಳ ಕೆಂಪು ರಕ್ತಕಣಗಳ ಕೇಂದ್ರದಿಂದ ಪ್ರತ್ಯಾಮ್ಲೀಯ ಪ್ರೋಟೀನೊಂದನ್ನು ಪಡೆದು ಅದಕ್ಕೆ ಹಿಸ್ಟೋನ್ ಎಂದು ಹೆಸರಿಟ್ಟರು. ಮೀನಿನ ವೀರ್ಯಾಣುಗಳಲ್ಲಿರುವ ಪ್ರೋಟಮೀನ್‌ಗಳನ್ನೂ ಅಧ್ಯಯನ ಮಾಡಿದರು. 1896ರಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಕಂಡುಹಿಡಿದರು.

ಸಂಶೋಧನೆಯ ಮಹತ್ವ

ಹಿಸ್ಟೋನ್‌ಗಳ ಪಾತ್ರ ಸ್ಪಷ್ಟವಾದದ್ದು ಕೋಸೆಲ್ ತೀರಿಕೊಂಡ ಎಷ್ಟೋ ವರ್ಷಗಳ ಅನಂತರ. ಮಾನವನ ಒಂದು ಜೀವಕೋಶದಲ್ಲಿ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಕದಿರಿಗೆ ನೂಲು ಸುತ್ತಿದಂತೆ ಎಂಟೆಂಟು ಹಿಸ್ಟೋನ್‌ಗಳ ಗುಂಪುಗಳನ್ನು ಸುತ್ತಿಕೊಂಡಿರುತ್ತದೆ. ಡಿಎನ್‌ಎ ಮತ್ತು ಪ್ರೋಟೀನುಗಳ ಈ ಜೋಡಣೆಗೆ ಕ್ರೋಮ್ಯಾಟಿನ್ ಎಂದು ಹೆಸರು. ವಂಶವಾಹಿಯಲ್ಲಿರುವ ಮಾಹಿತಿಯನ್ನು ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವವು ಆರ್‌ಎನ್‌ಎಗೆ ನಕಲು ಮಾಡುತ್ತದೆ. ಸುತ್ತು ಬಿಗಿಯಾಗಿದ್ದರೆ ಕಿಣ್ವಕ್ಕೆ ದಾರಿ ಸಿಗದೆ ವಂಶವಾಹಿ ಮೌನವಾಗಿರುತ್ತದೆ, ಸಡಿಲಗೊಂಡರೆ ಕ್ರಿಯಾಶೀಲವಾಗುತ್ತದೆ. ಹಿಸ್ಟೋನ್‌ಗಳಿಗೆ ಅಸಿಟೈಲ್ ಗುಂಪು ಸೇರುವುದಕ್ಕೂ ಆರ್‌ಎನ್‌ಎ ತಯಾರಿಕೆಗೂ ಸಂಬಂಧವಿದೆಯೆಂದು 1964ರಲ್ಲಿ ವಿನ್ಸೆಂಟ್ ಆಲ್‌ಫ್ರೇ ಮತ್ತು ಸಂಗಡಿಗರು ಸೂಚಿಸಿದರು. ಒಂದೇ ಡಿಎನ್‌ಎ ಇದ್ದರೂ ನರಕೋಶವೂ ಯಕೃತ್ತಿನ ಕೋಶವೂ ಭಿನ್ನವಾಗಿರಲು ಈ ನಿಯಂತ್ರಣವೂ ಒಂದು ಮುಖ್ಯ ಕಾರಣ.

ಕರ್ನಾಟಕದಲ್ಲಿ ಮುಂದುವರಿಕೆ

ವೀರ್ಯಾಣು ರೂಪುಗೊಳ್ಳುವಾಗ ಹಿಸ್ಟೋನ್‌ಗಳ ಸ್ಥಾನಕ್ಕೆ ಮೊದಲು ಮಧ್ಯಂತರ ಪ್ರೋಟೀನುಗಳೂ ಬಳಿಕ ಪ್ರೋಟಮೀನ್‌ಗಳೂ ಬರುತ್ತವೆ. ಈ ಬದಲಾವಣೆಯನ್ನು ಮೈಸೂರಿನಲ್ಲಿ ಜನಿಸಿದ ಎಂ. ಆರ್. ಸತ್ಯನಾರಾಯಣ ರಾವ್ ಅವರು ಬೆಂಗಳೂರಿನಲ್ಲಿ ದೀರ್ಘಕಾಲ ಅಧ್ಯಯನ ಮಾಡಿದರು. ಕೋಸೆಲ್ ಶೋಧಿಸಿದ ವಸ್ತುಗಳೇ ಇಲ್ಲಿ ಮತ್ತೆ ಪ್ರಶ್ನೆಗಳಾದವು.

ವ್ಯಕ್ತಿತ್ವ ಮತ್ತು ಕೊನೆಯ ದಿನಗಳು

ಕೋಸೆಲ್ ಮಿತಭಾಷಿ, ರಾಜಕೀಯದಿಂದ ದೂರವಿದ್ದವರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜನರಿಗೆ ಹಂಚುತ್ತಿದ್ದ ಆಹಾರ ಸಾಕಷ್ಟಿದೆಯೆಂದು ಪ್ರಮಾಣೀಕರಿಸಲು ಅಧಿಕಾರಿಗಳು ಕೇಳಿದಾಗ ಇವರು ನಿರಾಕರಿಸಿದರು. ವಿಜ್ಞಾನಿಯ ಹೆಸರನ್ನು ಸುಳ್ಳಿಗೆ ಮುದ್ರೆಯಾಗಿಸಲು ಒಪ್ಪಲಿಲ್ಲ. ಪುತ್ರ ವಾಲ್ಟರ್ ಕೋಸೆಲ್ ಭೌತವಿಜ್ಞಾನಿಯಾಗಿ ಹೆಸರು ಗಳಿಸಿದರು. ಆಲ್ಬ್ರೆಕ್ಟ್ ಕೋಸೆಲ್ 1927ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ನಿಧನರಾದರು.