ನರಕೋಶಗಳ ಚಿತ್ರಕಾರ

ಸಾಂಟಿಯಾಗೊ ರಮೋನ್ ಇ ಕಹಾಲ್ ಅವರು 1852ರ ಮೇ 1ರಂದು ಸ್ಪೇನ್ ದೇಶದ ಪೆತಿಯಾ ಎಂಬ ಹಳ್ಳಿಯಲ್ಲಿ ಜನಿಸಿದರು. ಬಾಲ್ಯದಿಂದಲೂ ಅವರಿಗೆ ಚಿತ್ರ ಬರೆಯುವುದರಲ್ಲಿಯೇ ಒಲವು. ವೈದ್ಯರಾಗಿದ್ದ ತಂದೆಗೆ ಅದು ಸರಿಬೀಳಲಿಲ್ಲ. ಕ್ಷೌರಿಕನ ಬಳಿ, ಪಾದರಕ್ಷೆ ಹೊಲಿಯುವವನ ಬಳಿ ಕೆಲಸಕ್ಕಿಟ್ಟರೂ ಮಗನ ಕುಂಚದ ಹುಚ್ಚು ಬಿಡಲಿಲ್ಲ. ಕೊನೆಗೆ ತಂದೆಯೇ ಮೂಳೆಗಳನ್ನು ಮುಂದಿಟ್ಟು ಶರೀರರಚನೆಯ ಪಾಠ ಹೇಳಿದರು. ಮೂಳೆಗಳ ಚಿತ್ರ ಬರೆಯುತ್ತ ಬರೆಯುತ್ತ ಹುಡುಗನಿಗೆ ವೈದ್ಯವಿದ್ಯೆ ರುಚಿಸಿತು. 1873ರಲ್ಲಿ ಅವರು ವೈದ್ಯ ಪದವಿಯನ್ನು ಪಡೆದರು.

ಮಿದುಳಿನ ತಂತುಗಳೆಲ್ಲ ಬಲೆಯ ದಾರಗಳಂತೆ ಒಂದಕ್ಕೊಂದು ಬೆಸೆದುಕೊಂಡಿವೆಯೆಂದು ಆ ಕಾಲದ ಹಲವು ವಿಜ್ಞಾನಿಗಳು ನಂಬಿದ್ದರು. ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ಬೆಳ್ಳಿಯ ಲವಣವನ್ನು ಬಳಸಿ, ಕೆಲವೇ ನರಕೋಶಗಳು ಕಪ್ಪಾಗಿ ಕಾಣುವಂತೆ ಮಾಡುವ ವಿಧಾನವನ್ನು 1873ರಲ್ಲಿ ಪ್ರಕಟಿಸಿದ್ದರು. ಅವರದೂ ಅದೇ ನಂಬಿಕೆ. 1887ರಲ್ಲಿ ಆ ವಿಧಾನವನ್ನು ಕಂಡ ಕಹಾಲರು ಅದನ್ನು ಸುಧಾರಿಸಿದರು. ಮರುವರ್ಷವೇ, ಹಕ್ಕಿಗಳ ಮಿದುಳಿನಲ್ಲಿ ಪ್ರತಿಯೊಂದು ನರಕೋಶವೂ ಬಿಡಿಯಾಗಿರುವುದನ್ನು ಚಿತ್ರ ಬರೆದು ತೋರಿಸಿದರು. 1906ರಲ್ಲಿ ಇಬ್ಬರಿಗೂ ಕೂಡಿ ನೊಬೆಲ್ ಪಾರಿತೋಷಕ ದೊರೆಯಿತು. ಆಗಿನ ಉಪನ್ಯಾಸಗಳಲ್ಲಿಯೂ ಅವರು ಪರಸ್ಪರ ವಿರುದ್ಧವಾದ ಮತಗಳನ್ನೇ ಮಂಡಿಸಿದರು.

ನರಕೋಶಗಳ ನಡುವೆ ಗ್ಲಿಯಾ ಎಂಬ ಆಸರೆಯ ಕೋಶಗಳಿವೆ. ಕಹಾಲರೂ ಅವರ ತಮ್ಮ ಪೆದ್ರೊ ಅವರೂ ಸರೀಸೃಪಗಳ ನರಮಂಡಲವನ್ನೂ ಅಭ್ಯಸಿಸಿದರು. ಹರಪನಹಳ್ಳಿ ಸೀಮೆಯ ತೆಲಿಗಿಯಾಗಲಿ, ಬೇರೆ ಊರಾಗಲಿ, ಹೊಲದ ಬದುವಿನ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತವೂ ಸರೀಸೃಪವೇ. ಇಂಥ ಜೀವಿಗಳಲ್ಲಿ ಗ್ಲಿಯಾಗಳು ಮಿದುಳಿನ ಒಳಕುಹರದಿಂದ ಹೊರಮೈವರೆಗೆ ಎಳೆಗಳನ್ನು ಚಾಚಿ, ಎಲೆಬಳ್ಳಿಗೆ ನೆಟ್ಟ ಆಸರೆಮರಗಳಂತೆ ನಿಂತಿರುತ್ತವೆ. ಹೊಸ ನರಕೋಶಗಳು ಆ ಎಳೆಗಳ ಗುಂಟ ಸಾಗಿ ನೆಲೆ ಸೇರುತ್ತವೆ. ಮನುಷ್ಯರಲ್ಲಿ ಇಂಥ ಎಳೆಗಳು ಮಿದುಳು ಬೆಳೆಯುವಾಗ ಕಾಣಿಸಿಕೊಂಡು, ಬಳಿಕ ಬಹುಮಟ್ಟಿಗೆ ಮರೆಯಾಗುತ್ತವೆ.

1913ರಲ್ಲಿ ಕಹಾಲರು ಚಿನ್ನದ ಲವಣದ ಸಹಾಯದಿಂದ ನಕ್ಷತ್ರಾಕಾರದ ಗ್ಲಿಯಾಗಳನ್ನು ನಿಚ್ಚಳವಾಗಿ ತೋರಿಸಿದರು. ಆದರೆ ಉಳಿದ ಕೆಲವು ಕೋಶಗಳ ಗುಟ್ಟು ಅವರ ಬಣ್ಣಗಳಿಗೆ ಸಿಕ್ಕಲಿಲ್ಲ. ಅದನ್ನು ಬಿಡಿಸಿದವರು ಶಿಷ್ಯ ಪೀಓ ದೆಲ್ ರೀಓ ಒರ್ತೇಗಾ. 1919ರಲ್ಲಿ ಒಂದು ಬಗೆಯ, 1921ರಲ್ಲಿ ಇನ್ನೊಂದು ಬಗೆಯ ಗ್ಲಿಯಾ ಕೋಶಗಳನ್ನು ಅವರು ವಿವರಿಸಿದರು. ಗುರುಗಳಿಗೆ ಅದು ಪೂರ್ಣವಾಗಿ ಒಪ್ಪಿಗೆಯಾಗಲಿಲ್ಲ. ಮನಸ್ತಾಪ ಬೆಳೆದು 1920ರಲ್ಲಿ ಶಿಷ್ಯನು ಪ್ರಯೋಗಶಾಲೆಯನ್ನು ಬಿಡಬೇಕಾಯಿತು. ಕಾಲವು ಶಿಷ್ಯನ ಮಾತನ್ನೇ ಎತ್ತಿಹಿಡಿಯಿತು.

1934ರ ಅಕ್ಟೋಬರ್ 17ರಂದು ಕಹಾಲರು ಮ್ಯಾಡ್ರಿಡ್ ನಗರದಲ್ಲಿ ನಿಧನರಾದರು. ಅವರು ಬರೆದ ಚಿತ್ರಗಳನ್ನು ವಿಜ್ಞಾನಿಗಳು ಇಂದಿಗೂ ಆದರದಿಂದ ನೋಡುತ್ತಾರೆ. ಹಿರಿಯರು ನಂಬಿದ್ದನ್ನೂ ಕಣ್ಣಾರೆ ಕಂಡ ಹೊರತು ಒಪ್ಪಬಾರದೆಂಬುದು ಅವರ ಬದುಕು ಕಲಿಸಿದ ಪಾಠ. ಶಿಷ್ಯನು ಆ ಪಾಠವನ್ನು ಗುರುವಿನ ಎದುರಿನಲ್ಲಿಯೇ ಒಪ್ಪಿಸಿದನು.